ಕಳಸದ ದಾರಿಯಲ್ಲಿ ಮೂರು ಹಾಲುವಾಣದ ಕೊಂಬೆಗಳು

ಸೈಕಲ್ಲಿನ ವಿಷಯ ಹೇಳಲು ಕೂತರೆ ನನಗೆ ಈಗಲೂ ಮಾತು ಜೋರಾಗುತ್ತದೆ. ನಲವತ್ತಾರನೇ ವಯಸ್ಸಿಗೆ ಹಿಡಿದ ಹುಚ್ಚು ಇದು. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನ ಕೆಲಸ. ತೋಟಗಳಿಂದ ಬರುವ ಕಾಫಿ ಬೀಜದ ಸ್ಯಾಂಪಲ್ಲನ್ನು ಬಿಳಿ ತಟ್ಟೆಯಲ್ಲಿ ಹರಡಿ, ಕಪ್ಪಾದದ್ದು, ಒಡೆದದ್ದು, ಹುಳ ತಿಂದದ್ದು ಎಲ್ಲವನ್ನೂ ಆರಿಸಿ ಬದಿಗೆ ಹಾಕಬೇಕು. ವಾರವಿಡೀ ಕುತ್ತಿಗೆ ಬಗ್ಗಿಸಿ ಕೂರುವ ಕೆಲಸ. ರಜೆಯ ದಿನ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಕೈಮರ ದಾಟಿ ಏರು ಶುರುವಾದರೆ, ಆ ಕುತ್ತಿಗೆ ತಾನಾಗಿ ಮೇಲೇಳುತ್ತದೆ.

ಗಾಡಿ ಕಡಿಮೆ ಇರುವ ದಾರಿಗಳನ್ನು ಹುಡುಕುವುದೇ ಒಂದು ಸಂಭ್ರಮ. ಅತ್ತಿಗುಂಡಿಯ ಕಡೆಗೆ ಭಾನುವಾರ ಹೋಗಬಾರದು, ಕಾರುಗಳು ಸಾಲುಗಟ್ಟಿರುತ್ತವೆ. ಒಂದು ದಿನ ರಜೆ ಹಾಕಿಯಾದರೂ ಸರಿ, ಮಂಗಳವಾರವೋ ಬುಧವಾರವೋ ಹೋಗಬೇಕು. ಆಗ ಆ ಬೆಟ್ಟದ ಮೈ ಪೂರ್ತಿ ನಮ್ಮದು. ಮೂಡಿಗೆರೆಯ ಸುತ್ತ ತೋಟಗಳ ನಡುವೆ ಹೋಗುವ ಒಳರಸ್ತೆಗಳಲ್ಲಂತೂ ಗಂಟೆಗೊಂದು ಜೀಪು ಬಂದರೆ ಹೆಚ್ಚು. ಟಾರಿನ ನಡುವೆ ಪಾಚಿ ಬೆಳೆದಿರುತ್ತದೆ. ಎರಡೂ ಕಡೆಯಿಂದ ಮರಗಳು ಬಂದು ತಲೆಯ ಮೇಲೆ ಸೇರಿಕೊಂಡಿರುತ್ತವೆ. ಹೂಮಳೆ ಬಿದ್ದ ಎಂಟನೇ ದಿನ ಅಂಥ ಒಂದು ರಸ್ತೆಯಲ್ಲಿ ಹೋದರೆ, ಹತ್ತು ಕಿಲೋಮೀಟರ್ ಉದ್ದಕ್ಕೂ ಬಿಳಿ ಕಾಫಿ ಹೂವು, ಅದರ ವಾಸನೆ, ಜೇನುಹುಳದ ಒಂದೇ ಸಮನೆ ಗುಂಯ್ ಶಬ್ದ. ಮೊದಲ ಸಲ ಅದರೊಳಗೆ ಹಾದುಹೋದಾಗ ನಾನು ಗಟ್ಟಿಯಾಗಿ ನಕ್ಕಿದ್ದೆ. ಕೇಳಲು ಯಾರೂ ಇರಲಿಲ್ಲ.

ಆಮೇಲೆ ಜೊತೆಗೆ ನಾದಿನಿ ಬಂದಳು. ನನ್ನ ಗಂಡನ ತಂಗಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಮೂಡಿಗೆರೆಯ ಹತ್ತಿರ ಒಂದು ತೋಟದ ಮನೆಗೆ ಸೊಸೆಯಾಗಿ ಹೋದವಳು. ಏರಿನಲ್ಲಿ ಅವಳನ್ನು ಹಿಡಿಯುವುದು ಕಷ್ಟ. ಕಾಲು ಅಷ್ಟು ಗಟ್ಟಿ. ಆದರೆ ಇಳಿಜಾರು ಬಂತೆಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಎರಡೂ ಬ್ರೇಕನ್ನು ಒತ್ತಿ ಹಿಡಿದು, ಮುದುಕಿಯೊಬ್ಬಳು ಮೆಟ್ಟಿಲಿಳಿದ ಹಾಗೆ ಇಳಿಯುತ್ತಿದ್ದಳು. ಕೆಳಗೆ ಬಂದು ನೋಡಿದರೆ ಚಕ್ರದ ಅಂಚು ಮುಟ್ಟಲಾಗದಷ್ಟು ಬಿಸಿಯಾಗಿರುತ್ತಿತ್ತು.

"ಎಂಥಕ್ಕೆ ಅಷ್ಟು ಹಿಡಿತೀಯ ಮಾರಾಯ್ತಿ? ಇಳಿಯೂದಕ್ಕೇ ಅಲ್ವಾ ನಾವು ಹತ್ತಿದ್ದು?" ಎಂದು ಒಮ್ಮೆ ಕೇಳಿದೆ.

"ತಿರುವಿನ ಆಚೆ ಏನಿದೆ ಅಂತ ನಿಮಗೆ ಕಾಣ್ತದಾ ಅತ್ತಿಗೆ? ನನಗಂತೂ ಕಾಣಲ್ಲ" ಎಂದಳು.

ನ್ಯಾಯವಾದ ಮಾತು. ಬೆಟ್ಟದ ರಸ್ತೆಯಲ್ಲಿ ಜೀಪಿನವರು, ಬಸ್ಸಿನವರು ತಿರುವಿಗೆ ಮುಂಚೆ ಹಾರನ್ ಹೊಡೆಯುತ್ತಾರೆ. ಆಚೆ ಕಡೆಯವರೂ ಹೊಡೆದರೆ ಒಬ್ಬರು ನಿಲ್ಲುತ್ತಾರೆ. ಸೈಕಲ್ಲಿನ ಗಂಟೆ ಯಾರಿಗೆ ಕೇಳುತ್ತದೆ? ಫೋನು ಮಾಡೋಣವೆಂದರೆ ಆ ಕಣಿವೆಗಳಲ್ಲಿ ಸಿಗ್ನಲ್ ಇಲ್ಲ. ಹಾಗಾಗಿ ನಾವು ಒಂದು ಪದ್ಧತಿ ಮಾಡಿಕೊಂಡೆವು. ಪಿ.ಟಿ. ಮೇಷ್ಟ್ರುಗಳು ಊದುವಂಥ ಒಂದು ಸೀಟಿಯನ್ನು ನನ್ನ ಕುತ್ತಿಗೆಗೆ ಕಟ್ಟಿಕೊಂಡೆ. ಇಳಿಜಾರಿನಲ್ಲಿ ನಾನು ಮೊದಲು ಹೋಗಬೇಕು. ಅವಳು ಮೇಲೆಯೇ ನಿಂತಿರಬೇಕು. ತಿರುವುಗಳನ್ನೆಲ್ಲ ನೋಡಿ, ದಾರಿ ಖಾಲಿ ಇದ್ದರೆ ನಾನು ಒಂದು ಸಲ ಉದ್ದಕ್ಕೆ ಊದಬೇಕು. ಆಮೇಲೆ ಅವಳು ಬರಬೇಕು. ಸೀಟಿ ಕೇಳಿಸದಿದ್ದರೆ ಕಾಯಬೇಕು. ರಸ್ತೆ ಸುತ್ತಿ ಸುತ್ತಿ ಒಂದೂವರೆ ಕಿಲೋಮೀಟರ್ ಇಳಿದರೂ, ಕಣಿವೆಯ ಮೇಲೆ ನೇರವಾಗಿ ಇನ್ನೂರು ಗಜವಷ್ಟೇ ಇರುತ್ತದೆ. ಸೀಟಿ ಚೆನ್ನಾಗಿ ಕೇಳುತ್ತದೆ.

ನಾನೇ ಅವಳಿಗೆ ಹೇಳಿದ್ದೆ: "ಸೀಟಿ ಕೇಳಿದ ಮೇಲೆ ಬ್ರೇಕ್ ಮುಟ್ಟಬೇಡ. ಜವಾಬ್ದಾರಿ ನಂದು."

ಇದರ ಜೊತೆಗೆ ಇನ್ನೊಂದು ಅಭ್ಯಾಸವೂ ಬೆಳೆದಿತ್ತು. ಮುಂದೆ ಹೋಗುವವಳು ದಾರಿಯಲ್ಲಿ ಬಿದ್ದ ಕಲ್ಲು, ಕೊಂಬೆ, ಗಾಜಿನ ಚೂರು ಏನಿದ್ದರೂ ಇಳಿದು ಎತ್ತಿ ಬದಿಗೆ ಹಾಕಬೇಕು. ಸೈಕಲ್ಲಿನ ತೆಳ್ಳನೆಯ ಟಯರಿಗೆ ಹೆಬ್ಬೆರಳಿನಷ್ಟು ಕಡ್ಡಿ ಸಾಕು. ಈ ಕೆಲಸ ನನಗೆ ಬಹಳ ಹಿಡಿಸಿತ್ತು. ನಾನು ಹಾದುಹೋದ ರಸ್ತೆ ತಟ್ಟೆಯ ಹಾಗೆ ಚೊಕ್ಕಟವಾಗಿರುತ್ತಿತ್ತು.

ಈ ವರ್ಷದ ಏಪ್ರಿಲ್ ಕೊನೆಯಲ್ಲಿ ನಾವಿಬ್ಬರೂ ಕೊಟ್ಟಿಗೆಹಾರದಿಂದ ಕಳಸಕ್ಕೆ ಹೊರಟೆವು. ಹಿಂದಿನ ದಿನ ಸಂಜೆ ಮಳೆ ಬಂದು ಬಿಟ್ಟಿತ್ತು. ರಸ್ತೆ ಒಣಗಿತ್ತು, ಬದಿಯಲ್ಲಿ ಗುಡ್ಡ ಕಡಿದ ಮಣ್ಣಿನ ಗೋಡೆ, ಧರೆ, ಮಾತ್ರ ಒದ್ದೆ. ತೋಟಗಳಲ್ಲಿ ಮರಗಸಿ ನಡೆಯುವ ಕಾಲ ಅದು. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುತ್ತಾರೆ. ಹಾಗಾಗಿ ರಸ್ತೆಯ ಮೇಲೆ ಅಲ್ಲಲ್ಲಿ ಎಲೆ, ಕಡ್ಡಿ, ಸೊಪ್ಪು. ಬೆಳಿಗ್ಗೆಯಿಂದ ನಾನು ಐದಾರು ಸಲ ಇಳಿದು ಎತ್ತಿ ಹಾಕಿದ್ದೆ.

ಆ ದಿನದ ಖುಷಿಯನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಮೋಡ ನಮಗಿಂತ ಕೆಳಗಿತ್ತು. ಒಂದು ಕೆಂದಳಿಲು ರಸ್ತೆಯ ಈಚೆ ಮರದಿಂದ ಆಚೆ ಮರಕ್ಕೆ ನಮ್ಮ ತಲೆಯ ಮೇಲೇ ಹಾರಿತು. ಅದರ ಬಾಲದ ನೆರಳು ನಾದಿನಿಯ ಕೈಯ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಮೊದಲ ಇಳಿಜಾರಿನಲ್ಲಿ ಸೀಟಿ ಊದಿದೆ. ಅವಳು ಬಂದಳು, ಅರ್ಧ ಬ್ರೇಕ್ ಹಿಡಿದು. ಎರಡನೆಯದರಲ್ಲಿ ಇನ್ನೂ ಬೇಗ ಬಂದಳು. "ಅತ್ತಿಗೆ, ಮುಂದಿನದ್ರಲ್ಲಿ ಕೈಯೇ ಇಡಲ್ಲ ನೋಡಿ" ಎಂದು ಹೇಳಿ ನೀರು ಕುಡಿದಳು.

ಮೂರನೆಯದು ಉದ್ದದ ಇಳಿಜಾರು. ಮೇಲೆ ಒಂದು ಮೋರಿಯ ಕಟ್ಟೆ. ಅವಳು ಅಲ್ಲಿ ಕೂತಳು. ನಾನು ಹೊರಟೆ. ನಾಲ್ಕು ದೊಡ್ಡ ತಿರುವುಗಳು, ಎಲ್ಲ ಖಾಲಿ. ಗಾಳಿ ಕಿವಿಯೊಳಗೆ ನುಗ್ಗುತ್ತಿತ್ತು. ಐದನೇ ತಿರುವಿಗೆ ಸುಮಾರು ಅರವತ್ತು ಹೆಜ್ಜೆ ಇರುವಾಗ ರಸ್ತೆಯ ಎಡ ಅರ್ಧದಲ್ಲಿ ಒಂದು ಕೊಂಬೆ ಕಂಡಿತು. ನಿಂತೆ. ಹಾಲುವಾಣದ ಕೊಂಬೆ, ತೋಟದಲ್ಲಿ ನೆರಳಿಗೆ ಬೆಳೆಸುವ ಮುಳ್ಳುಮರದ್ದು. ಎಲೆ ಇನ್ನೂ ಬಾಡಿರಲಿಲ್ಲ. ಎತ್ತುವಾಗ ಮುಳ್ಳು ಅಂಗೈಗೆ ಚುಚ್ಚಿತು. ಎಡಗಡೆಯ ಚರಂಡಿಗೆ ಎಸೆದೆ. ಹತ್ತು ಹೆಜ್ಜೆ ಮುಂದೆ ಇನ್ನೊಂದು. ಮತ್ತೆ ಹತ್ತು ಹೆಜ್ಜೆಗೆ ಇನ್ನೊಂದು. ಮೂರೂ ಒಂದೇ ಅಳತೆ. ಮೂರರ ಕಡಿದ ತುದಿಯೂ ಧರೆಯ ಕಡೆಗೆ. ಅಲ್ಲಿ ಧರೆಯ ಮೇಲಿದ್ದ ಮರಗಳೆಲ್ಲ ಸಿಲ್ವರ್ ಓಕು, ಒಂದು ಹಾಲುವಾಣವೂ ಇರಲಿಲ್ಲ. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಈಗ ಬರೆಯುವಾಗ ಒಂದೊಂದೂ ನೆನಪಿಗೆ ಬರುತ್ತದೆ. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ಅವಳು ಈ ಸಲ ಬ್ರೇಕ್ ಹಿಡಿಯುವುದಿಲ್ಲ, ದಾರಿ ಚೊಕ್ಕಟವಾಗಿರಬೇಕು.

ಮೂರನೇ ಕೊಂಬೆಯನ್ನು ಎಸೆದು, ಕೈ ಒರೆಸಿಕೊಂಡು, ಅಲ್ಲಿಯೇ ನಿಂತು ಸೀಟಿ ಊದಿದೆ. ಉದ್ದಕ್ಕೆ, ಒಂದು ಸಲ.

ಆಮೇಲೆ ಸೈಕಲ್ ಹತ್ತಿ ಐದನೇ ತಿರುವು ತಿರುಗಿದೆ.

ತಿರುವಿನ ಆಚೆಗೇ ಒಂದು ಲಾರಿ ನಿಂತಿತ್ತು. ಸಿಲ್ವರ್ ಓಕಿನ ದಿಮ್ಮಿ ತುಂಬಿದ ಲಾರಿ. ಹಿಂದಿನ ಎಡಗಡೆಯ ಚಕ್ರ ಬಿಚ್ಚಿ ರಸ್ತೆಯ ಮೇಲೆ ಮಲಗಿಸಿದ್ದರು. ಲಾರಿ ಜಾಕಿನ ಮೇಲಿತ್ತು. ಡ್ರೈವರಿನ ಎರಡು ಕಾಲು ಮಾತ್ರ ಕೆಳಗಿಂದ ಕಾಣುತ್ತಿದ್ದವು. ಅರವತ್ತು ದಾಟಿದ ಒಬ್ಬ ಲೋಡರ್ ಮುಂದಿನ ಚಕ್ರಕ್ಕೆ ಕಲ್ಲು ಒತ್ತಿ ಹಿಡಿದು ಕೂತಿದ್ದರು. ದಿಮ್ಮಿಗಳ ತುದಿಗಳು ಲಾರಿಯ ಹಿಂದೆ ಒಂದು ಮಾರು ಹೊರಗೆ ಚಾಚಿದ್ದವು. ನಾನು ಬ್ರೇಕ್ ಒತ್ತಿ ನಿಂತಾಗ ಅತಿ ಉದ್ದದ ದಿಮ್ಮಿ ನನ್ನ ಎದೆಯ ಮಟ್ಟದಲ್ಲಿತ್ತು. ನನಗೂ ಅದಕ್ಕೂ ನಡುವೆ ನಾಲ್ಕು ಅಡಿ. ಬಲಗಡೆ ಒಂದು ಸ್ಕೂಟರ್ ಹೋಗುವಷ್ಟು ಜಾಗ, ಅದರಾಚೆ ಕಣಿವೆ.

ಹಾದಿಯಲ್ಲಿ ಗಾಡಿ ಕೆಟ್ಟು ನಿಂತರೆ ನಮ್ಮ ಕಡೆ ಏನು ಮಾಡುತ್ತಾರೆ ಎಂಬುದು ಆ ಕ್ಷಣ ನನಗೆ ಹೊಳೆಯಿತು. ಸೊಪ್ಪು ಮುರಿದು ಹಿಂದೆ ಹಾಸುತ್ತಾರೆ, ಬರುವವರು ನಿಧಾನ ಮಾಡಲೆಂದು. ಇದು ಗೊತ್ತಿಲ್ಲದವರು ಬೆಟ್ಟದ ಸೀಮೆಯಲ್ಲಿ ಯಾರೂ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿರುವವಳು. ಕಾರಿನಲ್ಲಿ ಕೂತು ಆ ಮೂರು ಕೊಂಬೆಗಳನ್ನು ಕಂಡಿದ್ದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಸೈಕಲ್ಲಿನ ಮೇಲೆ ಅವು ನನಗೆ ಬರೀ ಕಸವಾಗಿ ಕಂಡವು.

ಸೀಟಿಯನ್ನು ಬಾಯಿಗೆ ಇಟ್ಟೆ. ಊದಲಿಲ್ಲ. ನಮ್ಮ ಪದ್ಧತಿಯಲ್ಲಿ ಸೀಟಿಗೆ ಇದ್ದದ್ದು ಒಂದೇ ಅರ್ಥ, ಬಾ ಎಂದು. ನಿಲ್ಲು ಎನ್ನುವುದಕ್ಕೆ ನಾವು ಏನನ್ನೂ ಇಟ್ಟುಕೊಂಡಿರಲಿಲ್ಲ. ಇನ್ನೊಮ್ಮೆ ಊದಿದರೆ ಅವಳು ಇನ್ನಷ್ಟು ಧೈರ್ಯವಾಗಿ ಬರುತ್ತಾಳೆ.

ಸೈಕಲ್ ತಿರುಗಿಸಿ ಹತ್ತಲು ನೋಡಿದೆ. ಗೇರು ಇಳಿಜಾರಿನದು. ಪೆಡಲು ಅರ್ಧ ಸುತ್ತೂ ತಿರುಗಲಿಲ್ಲ. ಸೈಕಲ್ಲನ್ನು ಧರೆಗೆ ತಳ್ಳಿ ಓಡಿದೆ. "ನಿಲ್ಲೇ! ನಿಲ್ಲು!" ಎಂದು ಕೂಗುತ್ತಾ ಓಡಿದೆ. ಏರಿನಲ್ಲಿ ಓಡುವಾಗ ಕೂಗಿದರೆ ಶಬ್ದ ಬಾಯಿಂದ ಹೊರಗೆ ಹೋಗುವುದಿಲ್ಲ. ಮೇಲಿನಿಂದ ಅವಳ ಹಿಂದಿನ ಚಕ್ರದ ಟಿಕ್ಕು ಟಿಕ್ಕು ಕೇಳಿಸಿತು. ಅದು ಬಿಡಿಬಿಡಿಯಾಗಿ ಇರಲಿಲ್ಲ, ಒಂದೇ ಎಳೆಯಾಗಿತ್ತು. ಅಂದರೆ ಬ್ರೇಕ್ ಬಿಟ್ಟಿದ್ದಾಳೆ. ಮತ್ತೆ ಅವಳ ದನಿ ಕೇಳಿತು. "ಹೋ…" ಎಂದು ಕೂಗುತ್ತಿದ್ದಳು. ಖುಷಿಗೆ. ಆರು ತಿಂಗಳಿಂದ ನಾನು ಕಾಯುತ್ತಿದ್ದ ದನಿ ಅದು.

ಚರಂಡಿಯಿಂದ ಒಂದು ಕೊಂಬೆ ಎಳೆದು ರಸ್ತೆಗೆ ಎಸೆದೆ. ಎರಡನೆಯದನ್ನು ಎಸೆಯಲು ಹೊತ್ತಿರಲಿಲ್ಲ. ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ರಸ್ತೆಯ ನಡುವೆ ನಿಂತೆ. ನಾಲ್ಕನೇ ತಿರುವಿನಿಂದ ಅವಳು ಹೊರಬಂದಳು. ತಲೆ ಬಗ್ಗಿಸಿ, ಮೊಣಕೈ ಒಳಗೆ ಸೇರಿಸಿ, ನಾನು ಹೇಳಿಕೊಟ್ಟಂತೆಯೇ. ನನ್ನನ್ನು ಕಂಡಳು. ಅವಳ ಬಾಯಿ ತೆರೆದೇ ಇತ್ತು, ಕೂಗು ಮಾತ್ರ ನಿಂತಿತು. ಎರಡೂ ಬ್ರೇಕ್ ಒತ್ತಿದಳು. ಹಿಂದಿನ ಚಕ್ರ ಅಡ್ಡಕ್ಕೆ ಜಾರಿತು. ಸೈಕಲ್ಲಿನ ಸಮೇತ ಅವಳು ಎಡಗಡೆಯ ಚರಂಡಿಗೆ ಹೋದಳು.

ಚರಂಡಿಯಲ್ಲಿ ಮೊಣಕಾಲು ಮುಳುಗುವಷ್ಟು ತರಗೆಲೆ ಇತ್ತು. ಅದೇ ಅವಳನ್ನು ಹಿಡಿದದ್ದು. ಹೆಲ್ಮೆಟ್ಟು ಧರೆಗೆ ಉಜ್ಜಿ ಒಂದು ಗೆರೆ ಬಿದ್ದಿತ್ತು. ಎಡ ಮೊಣಕೈ ತರಚಿ ರಕ್ತ ಬರುತ್ತಿತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಎದ್ದು ಕೂತಿದ್ದಳು.

"ತಲೆ ಕೆಟ್ಟಿದೆಯಾ ನಿಮಗೆ?" ಅವಳು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. "ಸೀಟಿ ಊದಿ ಕರೆದು, ಮೇಲಿಂದ ಮರ ಹೊತ್ಕೊಂಡು ನಿಲ್ತಾರಾ ಯಾರಾದ್ರೂ?"

ಕೈ ಹಿಡಿದು ಎಬ್ಬಿಸಿ, ಐದನೇ ತಿರುವಿನವರೆಗೆ ನಡೆಸಿಕೊಂಡು ಹೋಗಿ ತೋರಿಸಿದೆ. ಅವಳು ದಿಮ್ಮಿಗಳನ್ನು ನೋಡಿದಳು. ಅತಿ ಉದ್ದದ ದಿಮ್ಮಿಯ ತುದಿಗೆ ಅಂಗೈ ಇಟ್ಟಳು. ಅವಳು ನನಗಿಂತ ಕುಳ್ಳು. ಅದು ಅವಳ ಕುತ್ತಿಗೆಯ ಮಟ್ಟಕ್ಕೆ ಬಂತು. ಇಬ್ಬರೂ ಅಲ್ಲೇ ಟಾರಿನ ಮೇಲೆ ಕೂತುಬಿಟ್ಟೆವು.

ಬಿದ್ದ ಸದ್ದೂ ನಾದಿನಿಯ ಬೈಗುಳವೂ ಕೇಳಿ ಡ್ರೈವರ್ ಲಾರಿಯ ಕೆಳಗಿನಿಂದ ಹೊರಗೆ ಬಂದಿದ್ದ. ಗ್ರೀಸಾದ ಕೈ ಒರೆಸುತ್ತಾ ನಮ್ಮನ್ನು, ರಸ್ತೆಯನ್ನು ನೋಡಿದ. ಆಮೇಲೆ ಲೋಡರ್ ಕಡೆಗೆ ತಿರುಗಿದ.

"ಸೊಪ್ಪು ಹಾಕಿ ಬನ್ನಿ ಅಂತ ಎರಡ್ ಸಲ ಹೇಳಿದ್ದೆ ನಿಮಗೆ. ಎಂಥ ಮಾಡ್ತಿದ್ರಿ ಮಾರಾಯ್ರೆ? ಈ ಅಕ್ಕ ನೋಡಿ ಅಡ್ಡ ನಿಂತದ್ದಕ್ಕೆ ಆಯ್ತು. ಇಲ್ಲದಿದ್ರೆ ನಾನು ಇವತ್ತು ಸ್ಟೇಷನ್ನಲ್ಲಿ ಕೂತಿರ್ತಿದ್ದೆ."

"ಹಾಕಿದ್ದೆ. ಮೂರು ಹಾಕಿದ್ದೆ" ಎಂದರು ಅವರು. "ಕೆಳಗಿನ ತೋಟಕ್ಕೆ ಇಳಿದು ತಂದು ಹಾಕಿದ್ದು."

"ಹಾಕಿದ್ರೆ ಎಲ್ಲಿ ಹೋಯ್ತು? ದನ ತಿಂತಾ?"

"ದನ ತಿಂದ್ರೆ ಕಡ್ಡಿ ಉಳೀಬೇಕಿತ್ತಲ್ಲ!" ಆ ಹಿರಿಯರು ಕಲ್ಲನ್ನು ಬಿಡುವಂತಿರಲಿಲ್ಲ. ಕೂತಲ್ಲಿಂದಲೇ ಕುತ್ತಿಗೆ ಚಾಚಿ ರಸ್ತೆಯ ಮೇಲೆ ನೋಡಲು ಹವಣಿಸುತ್ತಿದ್ದರು. "ನನ್ನ ಕೈ ನೋಡು ಬೇಕಾದ್ರೆ. ಮುಳ್ಳು ಚುಚ್ಚಿದ್ದು ಕಾಣಲ್ವ?"

"ವಯಸ್ಸಾಯ್ತು ನಿಮಗೆ. ಹಾಕಿದ್ದು ಯಾವುದು, ಹಾಕಬೇಕು ಅಂದುಕೊಂಡಿದ್ದು ಯಾವುದು ಅಂತ ಗೊತ್ತಾಗಲ್ಲ" ಎಂದ ಡ್ರೈವರ್.

ನಾದಿನಿ ಆಗ ನನ್ನ ಭುಜ ಹಿಡಿದಳು. "ಬೈದೆ ಅಂತ ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನೀವು ಓಡಿ ಬರದೇ ಇದ್ದಿದ್ರೆ ನಾನು ಇಲ್ಲ." ಅವಳ ಕಣ್ಣಲ್ಲಿ ನೀರಿತ್ತು.

ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮೂವರೂ ನನ್ನನ್ನು ಒಳ್ಳೆಯವಳಾಗಿ ನೋಡುತ್ತಿದ್ದರು. ಅಂದರೆ ಇಬ್ಬರು. ಮೂರನೆಯವರು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು, ತಮಗೇ ಅನುಮಾನ ಬಂದವರಂತೆ. ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಹೇಳಲಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದೆ ಎಂಬುದಂತೂ ನಿಜ.

"ಅವ್ರು ಹಾಕಿದ್ರು" ಎಂದೆ. "ಮೂರು ಇತ್ತು. ನಾನು ಎತ್ತಿ ಚರಂಡಿಗೆ ಹಾಕಿದೆ. ಮರಗಸಿ ಸೊಪ್ಪು ಅಂದ್ಕೊಂಡೆ."

ಡ್ರೈವರ್ ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತ. ಹಿರಿಯರು ಮೊದಲು ಮಾತಾಡಿದರು. "ಕೇಳ್ತಾ? ಕೇಳ್ತಾ ಈಗ? ವಯಸ್ಸಾಗಿದ್ದು ಯಾರಿಗೆ?" ಎಂದು ಡ್ರೈವರನ್ನು ಕೇಳಿದರು. ಆಮೇಲೆ ನನಗೆ, "ಗಾಡಿ ಓಡ್ಸೋರಲ್ವಾ ಅಮ್ಮ ನೀವು? ಸೊಪ್ಪು ಕಂಡ್ರೆ ಗೊತ್ತಾಗಲ್ವ?"

"ಓಡಿಸ್ತೇನೆ. ಗೊತ್ತಾಗಬೇಕಿತ್ತು."

ನಾದಿನಿ ಭುಜದಿಂದ ಕೈ ತೆಗೆದಿದ್ದಳು. "ಸೀಟಿ ಊದಿದ್ದು ಯಾವಾಗ?" ಎಂದು ಕೇಳಿದಳು. ದನಿ ಬಹಳ ಮೆಲ್ಲಗಿತ್ತು. "ಈ ತಿರುವು ನೋಡಿದ ಮೇಲಾ, ಮುಂಚೆಯಾ?"

"ಮುಂಚೆ."

"ನೋಡದೇ ಊದಿದ್ರಾ?"

"ಹೂಂ. ದಾರಿ ಚೊಕ್ಕಟ ಮಾಡಿದ ಖುಷಿಯಲ್ಲಿ ಊದಿಬಿಟ್ಟೆ."

ಅವಳು ಎದ್ದು ಮೇಲಕ್ಕೆ ನಡೆದಳು. ನಾನೂ ಹಿಂದೆ ಹೋದೆ. "ತೋರಿಸಿ ಎಲ್ಲಿತ್ತು ಅಂತ" ಎಂದಳು. ಮೂರು ಜಾಗವನ್ನೂ ತೋರಿಸಿದೆ. ಹೆಜ್ಜೆ ಎಣಿಸಿ ತೋರಿಸಿದೆ. ಕೊಂಬೆಗಳನ್ನು ಇಬ್ಬರೂ ಎಳೆದು ಮೊದಲಿದ್ದ ಹಾಗೆ ಇಟ್ಟೆವು. ಅವಳು ನಾಲ್ಕನೇ ತಿರುವಿನ ತನಕ ಹೋಗಿ ಅಲ್ಲಿಂದ ತಿರುಗಿ ನೋಡಿದಳು. ಏನಾದರೂ ಸಮಾಧಾನದ ಮಾತು ಹೇಳುತ್ತಾಳೇನೋ, ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು ಎನ್ನುತ್ತಾಳೇನೋ ಎಂದು ನಾನು ಕಾಯುತ್ತಿದ್ದೆ.

"ನಾನಾಗಿದ್ರೆ ಎತ್ತುತ್ತಿರಲಿಲ್ಲ" ಎಂದಳು. "ಇಲ್ಲಿಂದ ನೋಡಿದ್ರೇ ಗೊತ್ತಾಗ್ತದೆ, ಯಾರೋ ಇಟ್ಟಿದ್ದು ಅಂತ."

ಲಾರಿಯ ಬಳಿಗೆ ವಾಪಸು ಬಂದಾಗ ಡ್ರೈವರ್ ಅವಳ ಸೈಕಲ್ಲನ್ನು ಚರಂಡಿಯಿಂದ ಎತ್ತಿ ತಂದು, ಅದರ ಮುಂದಿನ ಚಕ್ರವನ್ನು ತೊಡೆಯ ಮೇಲಿಟ್ಟು ಒತ್ತಿ ನೇರ ಮಾಡುತ್ತಿದ್ದ. ಪೂರ್ತಿ ನೇರವಾಗಲಿಲ್ಲ. ಒಂದು ಕಡೆ ಬ್ರೇಕಿನ ರಬ್ಬರಿಗೆ ತಾಗುತ್ತಿತ್ತು. ಹಿರಿಯರು ಲಾರಿಯಿಂದ ಅರಿಶಿನದ ಪೊಟ್ಟಣ ತರಿಸಿ ಮೊಣಕೈಗೆ ಹಚ್ಚಿಸಿದರು. "ನಮ್ಮತ್ತಿಗೆ ಮನೇಲೂ ಹಂಗೇ" ಎಂದು ಅವಳು ಅವರಿಗೆ ಹೇಳುತ್ತಿದ್ದದ್ದು ಕೇಳಿತು. "ಅಮ್ಮ ಕುಡಿಯಕ್ಕೆ ಅಂತ ಇಟ್ಟ ನೀರಿನ ಲೋಟ, ತಿರುಗಿ ನೋಡೋದ್ರೊಳಗೆ ತೊಳೆದು ಬೋರಲು ಹಾಕಿರ್ತಾರೆ." ಹಿರಿಯರು ನಕ್ಕರು. ಡ್ರೈವರೂ ನಕ್ಕ. ಅವಳು ನಗಲಿಲ್ಲ.

"ಜೀಪು ಬರ್ತದೆ, ಕಳಸದವರೆಗೆ ಬಿಡ್ತಾರೆ. ಹತ್ತಿಸಿ ಕಳಿಸ್ತೀನಿ" ಎಂದ ಡ್ರೈವರ್.

"ಬೇಡ" ಎಂದಳು ನಾದಿನಿ.

ನಾನು ಅವಳ ಮುಖ ನೋಡಿದೆ. "ಈ ಚಕ್ರದಲ್ಲಿ ಬೇಡ ಮಾರಾಯ್ತಿ. ಇನ್ನು ಸೈಕಲ್ ಮುಟ್ಟಲ್ಲ ಅಂದ್ರೂ ನಾನು ಏನೂ ಹೇಳಲ್ಲ."

"ಮುಟ್ಟಲ್ಲ ಅಂತ ಯಾರು ಹೇಳಿದ್ರು? ಬಿಟ್ಟಾಗ ಎಷ್ಟು ಚಂದ ಇತ್ತು ಗೊತ್ತಾ ನಿಮಗೆ?" ಎಂದಳು. ಅಳು, ಸಿಟ್ಟು ಎರಡೂ ಆ ದನಿಯಲ್ಲಿದ್ದವು. "ನಾಲ್ಕು ತಿರುವು ಅತ್ತಿಗೆ! ನಾಲ್ಕೂ ಬಿಟ್ಟುಕೊಂಡು ಬಂದೆ. ಇನ್ನು ಸೀಟಿ ಬೇಡ. ಆಚೆ ಏನಿದೆ ಅಂತ ನಾನೇ ನೋಡ್ಕೊಂಡು ಹೋಗ್ತೀನಿ. ನೀವು ಹಿಂದೆ ಬನ್ನಿ."

ಹಾಗೇ ಹೊರಟಳು. ಲಾರಿಯ ಪಕ್ಕದ ಸಂದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗಿ, ಆಚೆ ಹತ್ತಿ ಕೂತಳು. ನಾನು ಹಿಂದೆ ಹೋದೆ. ಅವಳು ಇಳಿಯುವುದನ್ನು ಹಿಂದಿನಿಂದ ನಾನು ಎಂದೂ ನೋಡಿರಲಿಲ್ಲ. ಪ್ರತಿ ತಿರುವಿಗೂ ಮುಂಚೆ ಬ್ರೇಕ್ ಹಿಡಿಯುತ್ತಿದ್ದಳು. ರಸ್ತೆಯ ಹೊರ ಅಂಚಿಗೆ ಸರಿದು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು. ಎಷ್ಟು ದೂರ ಕಾಣಿಸಿತೋ ಅಷ್ಟಕ್ಕೆ ಬ್ರೇಕ್ ಬಿಡುತ್ತಿದ್ದಳು. ಬಿಟ್ಟಾಗ ಪೂರ್ತಿ ಬಿಡುತ್ತಿದ್ದಳು. ನಾನು ಮಾತ್ರ ಒಂದೊಂದು ಎಲೆಗೂ ಬ್ರೇಕ್ ಒತ್ತುತ್ತಿದ್ದೆ. ಮೂರು ತಿರುವಿನೊಳಗೆ ಅವಳ ಹಳದಿ ಅಂಗಿ ಬೆರಳಿನಷ್ಟಾಯಿತು. ಆಮೇಲೆ ಮರಗಳ ನಡುವೆ ಒಮ್ಮೆ ಕಂಡು ಮಾಯವಾಯಿತು. ಹೆದರಿಕೆಯ ನಡುವೆಯೂ, ಎಂಥ ಚೆಂದ ಇಳಿಯುತ್ತಾಳಪ್ಪಾ ಎಂದು ನಾನು ಗಟ್ಟಿಯಾಗಿ ಹೇಳಿದೆ.

ಕಳಸದವರೆಗೆ ಅವಳು ನನಗೆ ಸಿಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತಿದ್ದಳು. ಮುಂದೆ ಖಾಲಿ ತಟ್ಟೆ. ಬನ್ಸ್ ತಿಂದು ಮುಗಿಸಿದ್ದಳು. ನನಗೆಂದು ಏನೂ ಹೇಳಿರಲಿಲ್ಲ.

"ನೀವು ಯಾವಾಗ ಬರ್ತೀರಂತ ಗೊತ್ತಿರಲಿಲ್ಲ" ಎಂದಳು. ಆಮೇಲೆ, ಅರಿಶಿನ ಹಚ್ಚಿದ ಮೊಣಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತಾ, "ಮನೇಲಿ ಕೇಳ್ತಾರೆ. ಬಿದ್ದೆ ಅಂತ ನಾನು ಹೇಳ್ತೀನಿ. ಯಾಕೆ ಬಿದ್ದೆ ಅಂತ ನೀವು ಹೇಳಬೇಕು."

ಆ ಸಂಜೆ ನಾದಿನಿಯ ತೋಟದ ಮನೆಯಲ್ಲಿ ಮನೆಯವರೆಲ್ಲ ಕೂತಿದ್ದಾಗ ಹೇಳಿದೆ. ಮೋರಿಯ ಕಟ್ಟೆಯಿಂದ ಶುರುಮಾಡಿ, ಒಂದನ್ನೂ ಬಿಡದೆ. ನಡುವೆ ಎರಡು ಕಡೆ ನಾದಿನಿ ತಡೆದು ತಿದ್ದಿದಳು. ಕೊಂಬೆ ತಲೆಯ ಮೇಲೆ ಎತ್ತಿದಾಗ ನಾನು "ನಿಲ್ಲು" ಎಂದು ಕೂಗಿದೆನೆಂದು ಹೇಳಿದ್ದೆ. ಇಲ್ಲವಂತೆ. ಆಗ ನನ್ನ ಬಾಯಿ ಮುಚ್ಚಿಯೇ ಇತ್ತಂತೆ. ಇನ್ನೊಂದು, ಅವಳು ಖುಷಿಗೆ ಕೂಗಿದ್ದು ಒಂದು ಸಲವಲ್ಲ. ಮೊದಲ ತಿರುವಿನಿಂದಲೂ ಕೂಗುತ್ತಲೇ ಬಂದಿದ್ದಳಂತೆ.